ಲೈಬ್ರರಿ ಲೆಕ್ಕ ಕೊಡುವಾಗ ಓದುಗರ ಗುಟ್ಟು ಬಿಟ್ಟುಕೊಡಬೇಡಿ

ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್ ತಂಡದ ಭೇಟಿ ಹತ್ತಿರ ಬಂತೆಂದರೆ ಕಾಲೇಜಿನ ಗ್ರಂಥಪಾಲಕರಿಗೆ ಪುರುಸೊತ್ತಿರುವುದಿಲ್ಲ. ದಿನಕ್ಕೆ ಎಷ್ಟು ಜನ ಲೈಬ್ರರಿಗೆ ಬರುತ್ತಾರೆ, ಆನ್‌ಲೈನಿನಲ್ಲಿ ಎಷ್ಟು ಜನ ಲಾಗಿನ್ ಆಗುತ್ತಾರೆ, ಯಾವ ವಿಭಾಗದವರು ಎಷ್ಟು ಪುಸ್ತಕ ಒಯ್ದಿದ್ದಾರೆ ಎಂದು ಕಾಲೇಜಿನ ಗುಣಮಟ್ಟ ಕೋಶದ (ಐಕ್ಯೂಎಸಿ) ಸಂಯೋಜಕರು ಕೇಳುತ್ತಾರೆ, ಪ್ರಾಂಶುಪಾಲರು ಕೇಳುತ್ತಾರೆ, ಆಡಳಿತ ಮಂಡಳಿಯೂ ಕೇಳುತ್ತದೆ. ಎಲ್ಲರಿಗೂ ಸಂಜೆಯೊಳಗೆ ಬೇಕು. ಆಗ ತಟ್ಟನೆ ಕೈಗೆ ಸಿಗುವುದು ಗೇಟ್ ರಿಜಿಸ್ಟರ್. ಅದರ ಪುಟಗಳನ್ನು ಇದ್ದ ಹಾಗೆಯೇ ಸ್ಕ್ಯಾನ್ ಮಾಡಿ ಕಾಲೇಜಿನ ಜಾಲತಾಣಕ್ಕೆ ಏರಿಸುವುದುಂಟು. ಆ ಪುಟಗಳಲ್ಲಿ ವಿದ್ಯಾರ್ಥಿಗಳ ಹೆಸರು, ತರಗತಿ, ರಿಜಿಸ್ಟರ್ ನಂಬರು, ಬಂದ ಹೊತ್ತು, ಹೋದ ಹೊತ್ತು, ಸಹಿ, ಕೆಲವೊಮ್ಮೆ ಮೊಬೈಲ್ ನಂಬರೂ ಇರುತ್ತದೆ. ಆ ವಿದ್ಯಾರ್ಥಿಗಳು ಓದು ಮುಗಿಸಿ ಹೋದ ಮೇಲೂ ಅದು ಅಲ್ಲೇ ಬಿದ್ದಿರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು.

ಭಟ್ಕಳದ ಅಂಜುಮನ್ ಕಾಲೇಜುಗಳಿರಲಿ, ಹೊನ್ನಾವರದ ಎಸ್‌ಡಿಎಂ ಇರಲಿ, ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿರಲಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿರಲಿ, ಲೆಕ್ಕ ಕೊಡುವುದು ಯಾರಿಗೂ ತಪ್ಪಿದ್ದಲ್ಲ. ಲೆಕ್ಕವೇ ಬೇಡ ಎನ್ನುವಂತೆಯೂ ಇಲ್ಲ. ಮಂಕಿ, ಮುರ್ಡೇಶ್ವರ, ಶಿರಾಲಿ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳು ಸಂಜೆ ಬಸ್ಸಿನ ಹೊತ್ತಿಗೆ ಎದ್ದು ಹೋಗುತ್ತಾರೆ. ಅವರಿಗಾಗಿ ಸಂಜೆ ಆರರವರೆಗೆ ಬಾಗಿಲು ತೆರೆದಿಡುವುದು ಒಳ್ಳೆಯದೋ, ಬೆಳಿಗ್ಗೆ ಒಂದು ಗಂಟೆ ಮೊದಲೇ ತೆರೆಯುವುದು ಒಳ್ಳೆಯದೋ ಎಂದು ಗಂಟೆವಾರು ಎಣಿಕೆಯಿಲ್ಲದೆ ಹೇಳಲಾಗದು. ಆದರೆ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಯಾರ ಹೆಸರೂ ಬೇಕಾಗಿಲ್ಲ. ಗ್ರಂಥಾಲಯಕ್ಕೆ ಬೇಕಾದ ಲೆಕ್ಕಗಳಲ್ಲಿ ಹೆಚ್ಚಿನವು ಇಂಥವೇ. ಎಷ್ಟು ಜನ ಎಂಬುದು ಗೊತ್ತಾದರೆ ಸಾಕು, ಯಾರು ಎಂಬುದು ಬೇಡ.

ಸಣ್ಣ ಊರಿನಲ್ಲಿ ಹೆಸರು ಅಳಿಸಿದರೆ ಸಾಲದು

"ಹೆಸರು ತೆಗೆದೇ ಕೊಟ್ಟಿದ್ದೇವಲ್ಲ" ಎನ್ನುವವರಿದ್ದಾರೆ. ಒಂದು ಸಾಲು ಊಹಿಸಿಕೊಳ್ಳಿ: ಬಿ.ಎಸ್ಸಿ. ಅಂತಿಮ ವರ್ಷ, ವಿದ್ಯಾರ್ಥಿನಿ, ಊರು ಗೇರುಸೊಪ್ಪೆ, ಅಕ್ಟೋಬರ್ ತಿಂಗಳಲ್ಲಿ ಖಿನ್ನತೆಯ ಬಗ್ಗೆ ಎರಡು ಪುಸ್ತಕ. ಹೆಸರಿಲ್ಲ, ನಂಬರಿಲ್ಲ. ಸಾವಿರಾರು ವಿದ್ಯಾರ್ಥಿಗಳಿರುವ ಬೆಂಗಳೂರಿನ ಕಾಲೇಜಿನಲ್ಲಿ ಇದು ಯಾರೆಂದು ಹೇಳುವುದು ಸುಲಭವಲ್ಲ. ಹೊನ್ನಾವರದ ಕಾಲೇಜಿನಲ್ಲಿ ಆ ತರಗತಿಗೆ ಗೇರುಸೊಪ್ಪೆಯಿಂದ ಬರುವವಳು ಒಬ್ಬಳೇ ಇದ್ದರೆ, ಅವಳು ಯಾರೆಂದು ಸಹಪಾಠಿಗಳಿಗಷ್ಟೇ ಅಲ್ಲ, ಬಸ್ಸಿನ ಕಂಡಕ್ಟರಿಗೂ ಗೊತ್ತು. ತರಗತಿ, ಲಿಂಗ, ಊರು ಎಂಬ ಮೂರು ಸಣ್ಣ ವಿವರ ಸೇರಿದರೆ ಹೆಸರು ಬರೆದಂತೆಯೇ.

ಲತನ್ಯಾ ಸ್ವೀನಿ ಎಂಬ ಅಮೆರಿಕದ ಸಂಶೋಧಕಿ ಇದನ್ನು ಎಂದೋ ತೋರಿಸಿಕೊಟ್ಟಿದ್ದಾರೆ. ಹುಟ್ಟಿದ ದಿನಾಂಕ, ಲಿಂಗ, ಅಲ್ಲಿನ ಪಿನ್ ಕೋಡ್, ಇವಿಷ್ಟು ಇದ್ದರೆ ಅಮೆರಿಕದ ಶೇ 87ರಷ್ಟು ಜನರನ್ನು ಬಿಡಿಬಿಡಿಯಾಗಿ ಗುರುತಿಸಬಹುದು ಎಂಬುದು ಅವರ ಲೆಕ್ಕ. 2006ರಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟದ ದಾಖಲೆಗಳನ್ನು, ಹೆಸರಿನ ಬದಲು ಬರೀ ಸಂಖ್ಯೆ ಹಾಕಿ, ಸಂಶೋಧಕರಿಗೆಂದು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಅದರಲ್ಲಿನ ಒಂದು ಸಂಖ್ಯೆಯ ಬೆನ್ನು ಹತ್ತಿ ಒಬ್ಬ ವೃದ್ಧೆಯ ಮನೆ ಬಾಗಿಲಿಗೇ ಹೋಗಿ ನಿಂತರು. ಆಕೆ ಏನು ಹುಡುಕಿದ್ದರು ಎಂಬುದೇ ಆಕೆ ಯಾರೆಂದು ಹೇಳಿಬಿಟ್ಟಿತ್ತು.

ನಮ್ಮ ಕರಾವಳಿಗೆ ಇನ್ನೊಂದು ಕಾರಣವೂ ಇದೆ. ಕೋಮು ಗಲಭೆಯ ನೋವುಂಡ ಊರುಗಳು ಇವು. ಒಂದು ಧರ್ಮದ ಹುಡುಗ ಇನ್ನೊಂದು ಧರ್ಮದ ಗ್ರಂಥವನ್ನು ಕುತೂಹಲದಿಂದ ಓದಿದ್ದು, ಒಬ್ಬ ವಿದ್ಯಾರ್ಥಿನಿ ವಿವಾಹ ಕಾನೂನಿನ ಪುಸ್ತಕ ಒಯ್ದದ್ದು, ಯಾರೋ ಉಗ್ರವಾದದ ಇತಿಹಾಸದ ಮೇಲೆ ಸೆಮಿನಾರ್ ಪ್ರಬಂಧ ಬರೆದದ್ದು ಊರಿನಲ್ಲಿ ಸುದ್ದಿಯಾಗಬಾರದು. ಕಾಲೇಜಿಗೆ ಬರುವುದೇ ಗೊತ್ತಿಲ್ಲದ್ದನ್ನು ತಿಳಿಯಲಿಕ್ಕೆ. ತಾನು ಏನು ಓದುತ್ತೇನೆಂದು ಯಾರೋ ಗಮನಿಸುತ್ತಿದ್ದಾರೆ ಎಂದು ಅನ್ನಿಸಿದ ದಿನ ವಿದ್ಯಾರ್ಥಿ ಆ ಕಪಾಟಿನ ಹತ್ತಿರ ಹೋಗುವುದನ್ನೇ ಬಿಡುತ್ತಾನೆ. ಹಾಗೆ ಬಿಟ್ಟವನ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ.

ಹಳೆಯ ಟಿಕೆಟ್ ಪದ್ಧತಿ ಮಾಡುತ್ತಿದ್ದ ಕೆಲಸ

ಕಂಪ್ಯೂಟರ್ ಬರುವ ಮೊದಲು ನಮ್ಮ ಅನೇಕ ಗ್ರಂಥಾಲಯಗಳಲ್ಲಿ ಬ್ರೌನ್ ಪದ್ಧತಿಯಿತ್ತು. ಹಿರಿಯ ಓದುಗರಿಗೆ ಆ ಪುಟ್ಟ ಟಿಕೆಟ್‌ಗಳ ನೆನಪಿರಬಹುದು. ಪುಸ್ತಕ ಕೊಡುವಾಗ ಅದರ ಕಾರ್ಡನ್ನು ಓದುಗನ ಟಿಕೆಟ್ಟಿನ ಜೇಬಿಗೆ ಸೇರಿಸಿ ಟ್ರೇಯಲ್ಲಿ ನಿಲ್ಲಿಸುತ್ತಿದ್ದರು. ಪುಸ್ತಕ ಮರಳಿ ಬಂದಾಗ ಕಾರ್ಡ್ ಪುಸ್ತಕಕ್ಕೆ, ಟಿಕೆಟ್ ಓದುಗನಿಗೆ. ಅಲ್ಲಿಗೆ ಪುಸ್ತಕಕ್ಕೂ ಓದುಗನಿಗೂ ಇದ್ದ ಕೊಂಡಿ ಕಳಚಿತು. ಯಾರು ಏನು ಓದಿದ್ದರು ಎಂದು ಮರುದಿನ ಗ್ರಂಥಪಾಲಕರೂ ಹೇಳುವಂತಿರಲಿಲ್ಲ. ಪುಸ್ತಕ ಹೊರಗಿರುವಷ್ಟು ದಿನ ಯಾರ ಬಳಿ ಇದೆಯೆಂದು ತಿಳಿದಿರಬೇಕು, ವಾಪಸಾದ ಮೇಲೆ ಆ ಮಾಹಿತಿಯ ಅಗತ್ಯವಿಲ್ಲ. ಇಂದಿನ ಸಾಫ್ಟ್‌ವೇರ್ ಹಾಗಲ್ಲ, ನಾವಾಗಿ ಹೇಳದ ಹೊರತು ಏನನ್ನೂ ಮರೆಯುವುದಿಲ್ಲ. ಮುಂದೆ ಹೇಳುವ ಕ್ರಮಗಳಲ್ಲಿ ಹಲವು, ಆ ಟಿಕೆಟ್ ತಾನಾಗಿಯೇ ಮಾಡುತ್ತಿದ್ದುದನ್ನು ಕಂಪ್ಯೂಟರಿನಿಂದ ಮಾಡಿಸುವ ಬಗೆಗಳು.

ಕಾನೂನಿನ ಮಾತು ಚುಟುಕಾಗಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಮಾಹಿತಿಗೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. 18 ತುಂಬದವರನ್ನು ಕಾಯ್ದೆ ಮಕ್ಕಳೆಂದೇ ಪರಿಗಣಿಸುತ್ತದೆ. ನಿಮ್ಮ ಆವರಣದಲ್ಲಿ ಪಿಯು ತರಗತಿಗಳಿದ್ದರೆ, ಪದವಿಯ ಮೊದಲ ವರ್ಷದಲ್ಲಿ 17ರ ಹುಡುಗ ಹುಡುಗಿಯರಿದ್ದರೆ ಇದು ನಿಮಗೂ ಅನ್ವಯಿಸುತ್ತದೆ. ಸಂಖ್ಯಾಶಾಸ್ತ್ರೀಯ ಉದ್ದೇಶಕ್ಕೆ ಮಾಹಿತಿ ಬಳಸಲು ಕಾಯ್ದೆ ವಿನಾಯಿತಿ ಕೊಡುತ್ತದೆ. ಆದರೆ ನಿಗದಿತ ಮಾನದಂಡಗಳನ್ನು ಪಾಲಿಸಬೇಕು, ಮತ್ತು ಅದರಿಂದ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಕೂಡದು.

ಏನು ಮಾಡಬೇಕು

1. ಮೊದಲು ಪ್ರಶ್ನೆ, ಆಮೇಲೆ ಕಾಲಂ. ಒಂದು ಹಾಳೆಯಲ್ಲಿ ನಿಮಗೆ ನಿಜವಾಗಿ ಉತ್ತರ ಬೇಕಾದ ಪ್ರಶ್ನೆಗಳನ್ನು ಬರೆಯಿರಿ. ಪ್ರತಿಯೊಂದರ ಎದುರು ಅದಕ್ಕೆ ಯಾವ ಮಾಹಿತಿ ಬೇಕೆಂದು ಬರೆಯಿರಿ. ಯಾವ ಪ್ರಶ್ನೆಗೂ ಬೇಡವಾದ ಕಾಲಂ ರಿಜಿಸ್ಟರಿನಲ್ಲಿದ್ದರೆ ಹೊಡೆದುಹಾಕಿ. ಮೊಬೈಲ್ ನಂಬರು ಮೊದಲು ಹೋಗಬೇಕು. ನ್ಯಾಕ್‌ನ ನಾಲ್ಕನೆಯ ಮಾನದಂಡ ಕೇಳುತ್ತಾ ಬಂದಿರುವುದು ದಿನವೊಂದಕ್ಕೆ ಎಷ್ಟು ಶಿಕ್ಷಕರು, ವಿದ್ಯಾರ್ಥಿಗಳು ಗ್ರಂಥಾಲಯ ಬಳಸುತ್ತಾರೆ ಎಂಬ ಶೇಕಡಾವಾರು ಸರಾಸರಿ. ಉತ್ತರ ಒಂದೇ ಒಂದು ಸಂಖ್ಯೆ.

2. ಗೇಟಿನಲ್ಲಿ ಎಣಿಸಿ. ಅತ್ಯಂತ ಸುಲಭದ ದಾರಿ ಗಂಟೆಗೊಂದು ಮನೆಯಿರುವ ಗೀಟಿನ ಹಾಳೆ. ತರಗತಿವಾರು ಬೇಕಿದ್ದರೆ ತರಗತಿಗೊಂದು ಸಾಲು. ಐಡಿ ಕಾರ್ಡಿನ ಬಾರ್‌ಕೋಡ್ ಸ್ಕ್ಯಾನ್ ಮಾಡುವ ವ್ಯವಸ್ಥೆ ಇದ್ದರೆ ಎರಡು ವಿಷಯ ನೋಡಿಕೊಳ್ಳಿ. ಸ್ಕ್ಯಾನ್ ಆದೊಡನೆ ವಿದ್ಯಾರ್ಥಿಯ ಫೋಟೋ, ಹೆಸರು ದೊಡ್ಡದಾಗಿ ಪರದೆಯ ಮೇಲೆ ಬರುತ್ತಿದ್ದರೆ, ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕಾಣುತ್ತದೆ. ಪರದೆಯನ್ನು ಸಿಬ್ಬಂದಿಯ ಕಡೆಗೆ ತಿರುಗಿಸಿ, ಇಲ್ಲವೇ ಬರೀ ಹಸಿರು ಗುರುತು ಬರುವಂತೆ ಮಾಡಿಸಿ. ಎರಡನೆಯದು, ತಿಂಗಳ ಕೊನೆಗೆ ಒಟ್ಟು ಸಂಖ್ಯೆ ತೆಗೆದಿಟ್ಟುಕೊಂಡ ಮೇಲೆ ಬಿಡಿ ಬಿಡಿ ಸಾಲುಗಳನ್ನು ಎಷ್ಟು ದಿನ ಇಡಬೇಕೆಂದು ಬರೆದು ನಿಗದಿ ಮಾಡಿ.
ಬೆರಳಚ್ಚು, ಮುಖ ಗುರುತಿಸುವ ಯಂತ್ರ ಗ್ರಂಥಾಲಯದ ಬಾಗಿಲಿಗೆ ಬೇಡವೇ ಬೇಡ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು.

3. ವಾಪಸಾದ ಪುಸ್ತಕದ ಕೊಂಡಿ ಕಳಚಿ. ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್ ಬಳಸುವವರಿಗೆ ಇದು ಕಷ್ಟದ ಕೆಲಸವಲ್ಲ. "ಅನಾಮಿಕ" ಎಂಬ ಹೆಸರಿನಲ್ಲಿ ಒಬ್ಬ ಸದಸ್ಯನನ್ನು ಸೃಷ್ಟಿಸಿ. ಆ ಸದಸ್ಯನ ಪುಟ ತೆರೆದಾಗ ಬ್ರೌಸರಿನ ಅಡ್ರೆಸ್ ಬಾರಿನ ಕೊನೆಯಲ್ಲಿ ಕಾಣುವ ಬಾರೋವರ್ ನಂಬರನ್ನು ಬರೆದುಕೊಳ್ಳಿ. ಕಾರ್ಡ್ ನಂಬರಲ್ಲ, ಬಾರೋವರ್ ನಂಬರು, ಗಲಿಬಿಲಿಯಾಗುವುದು ಇಲ್ಲೇ. ಸಿಸ್ಟಂ ಪ್ರಿಫರೆನ್ಸಸ್‌ನಲ್ಲಿ "ಅನಾನಿಮಸ್ ಪೇಟ್ರನ್" ಎಂಬಲ್ಲಿ ಆ ಸಂಖ್ಯೆ ತುಂಬಿಸಿ. ಆಮೇಲೆ ಟೂಲ್ಸ್ ಮೆನುವಿನಲ್ಲಿ ಸದಸ್ಯರನ್ನು ಒಟ್ಟಿಗೆ ಅಳಿಸುವ, ಅನಾಮಿಕಗೊಳಿಸುವ ಸಾಧನ ಸಿಗುತ್ತದೆ. ಅದರಲ್ಲಿ ದಿನಾಂಕ ಕೊಟ್ಟರೆ ಅದಕ್ಕಿಂತ ಹಿಂದೆ ವಾಪಸಾದ ಎಲ್ಲ ಪುಸ್ತಕಗಳ ಹಿಂದಿನ ಹೆಸರು "ಅನಾಮಿಕ" ಆಗುತ್ತದೆ. ಪುಸ್ತಕ ಎಷ್ಟು ಸಲ ಹೋಗಿಬಂತು ಎಂಬ ಲೆಕ್ಕಕ್ಕೆ ಧಕ್ಕೆಯಿಲ್ಲ, ಯಾರು ಒಯ್ದರು ಎಂಬುದಷ್ಟೇ ಹೋಗುತ್ತದೆ. ಅದೇ ಸಾಧನದಲ್ಲಿ ಸದಸ್ಯರನ್ನೇ ಅಳಿಸುವ ಆಯ್ಕೆಯೂ ಇರುವುದರಿಂದ ಯಾವ ಚೌಕಕ್ಕೆ ಗುರುತು ಹಾಕುತ್ತಿದ್ದೀರಿ ಎಂದು ಎರಡು ಸಲ ನೋಡಿ.
"ಪುಟ ಹರಿದದ್ದು ಆಮೇಲೆ ಗೊತ್ತಾದರೆ ಯಾರನ್ನು ಕೇಳುವುದು?" ಎಂಬ ಚಿಂತೆ ಸಹಜ. ಕೋಹಾದಲ್ಲಿ ಕೊನೆಯ ಓದುಗರನ್ನು ಮಾತ್ರ ನೆನಪಿಟ್ಟುಕೊಳ್ಳುವ ಆಯ್ಕೆಯೂ ಇದೆ. ಅಷ್ಟು ಸಾಕು. ಸ್ಟ್ಯಾಟಿಸ್ಟಿಕ್ಸ್ ಟೇಬಲ್ಲಿನಲ್ಲಿ, ಆಕ್ಷನ್ ಲಾಗಿನಲ್ಲಿ ಸದಸ್ಯನ ಸಂಖ್ಯೆ ಇನ್ನೂ ಉಳಿದಿದೆಯೇ ಎಂದು ನಿಮ್ಮ ತಾಂತ್ರಿಕ ಸಹಾಯಕರಿಂದ ನೋಡಿಸಿ. ಇ-ಗ್ರಂಥಾಲಯ, ಸೋಲ್ ಅಥವಾ ಬೇರೆ ಸಾಫ್ಟ್‌ವೇರ್ ಇದ್ದರೆ "ವಾಪಸಾದ ಸಾಲದ ಹೆಸರನ್ನು ಅಳಿಸುವುದು ಹೇಗೆ, ಬ್ಯಾಕಪ್‌ನಲ್ಲಿ ಏನಾಗುತ್ತದೆ" ಎಂದು ಅವರ ಸಹಾಯ ಕೇಂದ್ರಕ್ಕೆ ಲಿಖಿತವಾಗಿ ಕೇಳಿ. ಉತ್ತರವನ್ನು ಫೈಲಿನಲ್ಲಿಡಿ.

4. ಅವಧಿ ಗೊತ್ತುಮಾಡಿ. 2025ರ ನಿಯಮಗಳಲ್ಲಿ ವೈಯಕ್ತಿಕ ಮಾಹಿತಿ ಮತ್ತು ಅದರ ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆಂಬ ಅಂಶವಿದೆ. ಹಾಗಾಗಿ ಎಲ್ಲವನ್ನೂ ನಾಳೆಯೇ ಅಳಿಸಿಬಿಡಿ ಎಂದು ನಾನು ಹೇಳಲಾರೆ. ನಿಮ್ಮ ಸಂಸ್ಥೆಯ ವಕೀಲರನ್ನು ಕೇಳಿ ಅವಧಿ ನಿರ್ಧರಿಸಿ. ಒಂದು ವರ್ಷ ಇಡಬೇಕಾದದ್ದನ್ನು ಬೀಗದೊಳಗೆ ಇಡಿ, ವಿಶ್ಲೇಷಣೆಗೆ ಮುಟ್ಟಬೇಡಿ, ವರ್ಷ ತುಂಬಿದ ಮೇಲೆ ತೆಗೆಯಿರಿ. ಸಂಗ್ರಹಿಸದೇ ಇದ್ದುದನ್ನು ಕಾಯುವ ಹೊಣೆ ಯಾರಿಗೂ ಇಲ್ಲ. ಒಂದನೆಯ ಕ್ರಮಕ್ಕೆ ಅಷ್ಟು ಒತ್ತು ಕೊಟ್ಟದ್ದು ಅದಕ್ಕೇ. ಬ್ಯಾಕಪ್ ತೆಗೆದ ಪೆನ್‌ಡ್ರೈವ್, ಗುಜರಿಗೆ ಹೊರಟ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್, ಅಟ್ಟದ ಮೇಲಿನ ಹಳೆಯ ರಿಜಿಸ್ಟರುಗಳನ್ನೂ ಇದೇ ಪಟ್ಟಿಗೆ ಸೇರಿಸಿ.

5. ವಿಶ್ಲೇಷಣೆಗೆ ಬೇರೆಯೇ ಫೈಲ್. ಮೂಲ ದಾಖಲೆಯಲ್ಲಿ ಪಿವಟ್ ಟೇಬಲ್ ಮಾಡುತ್ತಾ ಕೂರಬೇಡಿ. ಬೇಕಾದ ಕಾಲಂಗಳನ್ನಷ್ಟೇ ಹೊಸ ಫೈಲಿಗೆ ತೆಗೆದುಕೊಳ್ಳಿ. ಹುಟ್ಟಿದ ದಿನಾಂಕ ಬೇಡ, ತರಗತಿ ಸಾಕು. ದಿನಾಂಕದ ಬದಲು ವಾರ ಅಥವಾ ತಿಂಗಳು. ಪುಸ್ತಕದ ಹೆಸರಿನ ಬದಲು ವರ್ಗೀಕರಣ ಸಂಖ್ಯೆಯ ಮೊದಲ ಅಂಕಿಗಳು.
ಒಬ್ಬನೇ ಓದುಗ ಎಷ್ಟು ಸಲ ಬಂದ ಎಂಬುದು ಬೇಕೇಬೇಕಿದ್ದರೆ ರಿಜಿಸ್ಟರ್ ನಂಬರಿನ ಬದಲು ಕಂಪ್ಯೂಟರ್ ಯದ್ವಾತದ್ವಾ ಹುಟ್ಟಿಸಿದ ಸಂಕೇತ ಕೊಡಿ. ಇಲ್ಲೊಂದು ಬಲೆ ಇದೆ. "ಯುಎಸ್‌ಎನ್ ಅನ್ನು ಹ್ಯಾಶ್ ಮಾಡಿದ್ದೇವೆ, ಇನ್ನು ಯಾರಿಗೂ ತಿಳಿಯದು" ಎನ್ನುವ ತಂತ್ರಜ್ಞರಿದ್ದಾರೆ. ಹ್ಯಾಶ್ ಎಂದರೆ ಒಂದು ಗೊತ್ತಾದ ಸೂತ್ರದಿಂದ ನಂಬರನ್ನು ಬೇರೊಂದು ಅಕ್ಷರಸಾಲಾಗಿ ಬದಲಿಸುವುದು. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ ವಿದ್ಯಾರ್ಥಿಗಳ ರಿಜಿಸ್ಟರ್ ನಂಬರಾದ ಯುಎಸ್‌ಎನ್‌ನಲ್ಲಿರುವುದು ಹತ್ತು ಅಕ್ಷರ ಮತ್ತು ಅಂಕಿ. ವಲಯಕ್ಕೆ ಒಂದು, ಕಾಲೇಜಿಗೆ ಎರಡು, ವರ್ಷಕ್ಕೆ ಎರಡು, ವಿಭಾಗಕ್ಕೆ ಎರಡು, ಕ್ರಮಾಂಕಕ್ಕೆ ಮೂರು. ಕಾಲೇಜು, ವರ್ಷ, ವಿಭಾಗ ಗೊತ್ತಿದ್ದವನಿಗೆ ಉಳಿಯುವುದು 999 ಸಾಧ್ಯತೆ. ಅಷ್ಟನ್ನೂ ಹ್ಯಾಶ್ ಮಾಡಿ ತಾಳೆ ನೋಡಲು ಒಂದು ಸಾಧಾರಣ ಲ್ಯಾಪ್‌ಟಾಪಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಆದ್ದರಿಂದ ಸಂಕೇತಕ್ಕೂ ನಂಬರಿಗೂ ಯಾವ ನಂಟೂ ಇರಬಾರದು, ಎರಡನ್ನೂ ಜೋಡಿಸುವ ಪಟ್ಟಿಯನ್ನು ಕೆಲಸ ಮುಗಿದ ದಿನವೇ ನಾಶಮಾಡಬೇಕು.

6. ಸಣ್ಣ ಸಂಖ್ಯೆಗಳನ್ನು ಅಡಗಿಸಿ. ವರದಿಯಲ್ಲಿ 5ಕ್ಕಿಂತ ಕಡಿಮೆ ಬಂದ ಯಾವ ಮನೆಯನ್ನೂ ಹಾಗೇ ಬಿಡಬೇಡಿ. ನಮ್ಮಂಥ ಸಣ್ಣ ಕಾಲೇಜುಗಳಿಗೆ 10 ಇನ್ನೂ ಸುರಕ್ಷಿತ. ಅಡಗಿಸುವುದರಲ್ಲಿಯೂ ಜಾಣತನ ಬೇಕು. ಕಾನೂನು ಪುಸ್ತಕಗಳನ್ನು ಒಯ್ದವರು ಒಟ್ಟು 42, ಬಿ.ಎ. 25, ಬಿ.ಕಾಂ. 15, ಬಿ.ಎಸ್ಸಿ. ಎದುರು ಬರೀ ನಕ್ಷತ್ರ ಚಿಹ್ನೆ ಎಂದು ಬರೆದರೆ, ಕಳೆಯಲು ಬರುವ ಯಾರಿಗೂ ಬಿ.ಎಸ್ಸಿ. 2 ಎಂದು ತಿಳಿಯುತ್ತದೆ. ಹಾಗಾಗಿ ಇನ್ನೊಂದು ಮನೆಯನ್ನೂ ಅಡಗಿಸಬೇಕು, ಅಥವಾ ಬಿ.ಕಾಂ., ಬಿ.ಎಸ್ಸಿ. ಸೇರಿಸಿ 17 ಎನ್ನಬೇಕು. ಎರಡು ವರದಿಗಳ ನಡುವಿನ ವ್ಯತ್ಯಾಸವೂ ಗುಟ್ಟು ಹೇಳುತ್ತದೆ. ಒಂದು ತರಗತಿಯ ಓದುಗರು ಜುಲೈ ವರದಿಯಲ್ಲಿ 31, ಆಗಸ್ಟಿನಲ್ಲಿ 32, ನಡುವೆ ಆ ತರಗತಿಗೆ ಸೇರಿದವನು ಒಬ್ಬನೇ ಎಂದಾದರೆ ಆ ಹೊಸ ಓದುಗ ಯಾರೆಂದು ಬೇರೆ ಹೇಳಬೇಕಿಲ್ಲ. ಇಂಥ ವಿವರಗಳಿಗೆ ತಿಂಗಳ ವರದಿಗಿಂತ ಸೆಮಿಸ್ಟರ್ ವರದಿ ಒಳ್ಳೆಯದು.

7. ಆನ್‌ಲೈನ್ ಬಳಕೆ. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಎನ್-ಲಿಸ್ಟ್ ಮೂಲಕ ಓದುವವರ ಲೆಕ್ಕಕ್ಕೆ ಒಟ್ಟು ಅಂಕಿಗಳನ್ನಷ್ಟೇ ತೆಗೆದುಕೊಳ್ಳಿ. ಪ್ರಕಾಶಕರು ಕೊಡುವ, ಕೌಂಟರ್ (COUNTER) ಎಂಬ ಮಾನದಂಡದ ಬಳಕೆ ವರದಿಗಳಲ್ಲಿ ಹೆಸರೇ ಇರುವುದಿಲ್ಲ, ಬರೀ ಡೌನ್‌ಲೋಡ್‌ನಂಥ ಬಳಕೆಯ ಸಂಖ್ಯೆ. ಮನೆಯಿಂದ ಓದುವ ಸೌಲಭ್ಯಕ್ಕೆ ಖಾಸಗಿ ಕಂಪನಿಯ ಆ್ಯಪ್ ಕೊಂಡರೆ, ಯಾರು ಯಾವ ಲೇಖನ ತೆರೆದರು ಎಂಬುದನ್ನು ಅವರು ಎಷ್ಟು ದಿನ ಇಡುತ್ತಾರೆ, ಬೇರೆಯವರಿಗೆ ಕೊಡುತ್ತಾರೆಯೇ, ಒಪ್ಪಂದ ಮುಗಿದಾಗ ಅಳಿಸುತ್ತಾರೆಯೇ ಎಂಬುದು ಕರಾರಿನಲ್ಲಿ ಬರಹದಲ್ಲಿರಲಿ. ಗೂಗಲ್ ಫಾರ್ಮಿನಲ್ಲಿ ಅಭಿಪ್ರಾಯ ಕೇಳುವಾಗ ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿ. "ನಿಮ್ಮ ಹೆಸರು ಗುಪ್ತವಾಗಿರುತ್ತದೆ" ಎಂದು ಮೇಲೆ ಬರೆದು ಕೆಳಗೆ ಇಮೇಲ್ ಹಿಡಿದಿಟ್ಟುಕೊಳ್ಳುವುದು ವಿದ್ಯಾರ್ಥಿಗಳಿಗೆ ಮಾಡುವ ಮೋಸ.

8. ಅಂಕಪಟ್ಟಿಯೊಂದಿಗೆ ಜೋಡಿಸುವ ಮುನ್ನ. ಲೈಬ್ರರಿಗೆ ಬರುವವರು ಹೆಚ್ಚು ಅಂಕ ಪಡೆಯುತ್ತಾರೆಯೇ ಎಂಬ ಕುತೂಹಲ ಎಲ್ಲ ಕಾಲೇಜಿನಲ್ಲೂ ಇದೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯ ಇತರ ಕೆಲವು ವಿಶ್ವವಿದ್ಯಾಲಯಗಳ ಜೊತೆ ಸೇರಿ 2011ರಲ್ಲಿ ಇದನ್ನು ಪರೀಕ್ಷಿಸಿತು. ಪುಸ್ತಕ ಎರವಲು ಮತ್ತು ಆನ್‌ಲೈನ್ ಬಳಕೆಗೂ ಪದವಿಯ ಫಲಿತಾಂಶಕ್ಕೂ ಸಂಬಂಧ ಕಂಡಿತು, ಆದರೆ ಗೇಟು ದಾಟಿ ಒಳಬಂದ ಲೆಕ್ಕಕ್ಕೂ ಫಲಿತಾಂಶಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ನಾವು ಅಷ್ಟು ಕಷ್ಟಪಟ್ಟು ಹೆಸರಿನೊಂದಿಗೆ ಕಾಯ್ದಿಡುವುದು ಆ ಗೇಟಿನ ಲೆಕ್ಕವನ್ನೇ! ಪುಸ್ತಕ ಒಯ್ದದ್ದರಿಂದಲೇ ಅಂಕ ಬಂತು ಎಂದೂ ಅದರಿಂದ ಹೇಳಲಾಗದು. ಓದುವ ಹವ್ಯಾಸವಿದ್ದವರು ಪುಸ್ತಕವನ್ನೂ ಒಯ್ಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಇಂಥ ಅಧ್ಯಯನ ಮಾಡಲೇಬೇಕಿದ್ದರೆ ಜೋಡಣೆಯನ್ನು ಒಬ್ಬರೇ ಮಾಡಲಿ, ಜೋಡಿಸಿದ ಕೂಡಲೇ ಹೆಸರು, ನಂಬರು ತೆಗೆಯಲಿ, ವಿಭಾಗದ ಮುಖ್ಯಸ್ಥರ ಕೈಗೆ ಸರಾಸರಿ ಮಾತ್ರ ಹೋಗಲಿ. "ಈ ಹುಡುಗ ಲೈಬ್ರರಿಗೇ ಬರುವುದಿಲ್ಲ" ಎಂದು ಆಂತರಿಕ ಅಂಕ ಕೊಡುವಾಗ ಯಾರಿಗೂ ನೆನಪಾಗಬಾರದು.

ಎಲ್ಲರೂ ಮಾಡುವ ತಪ್ಪುಗಳು

ಬಾಕಿ ಪುಸ್ತಕಗಳ ಪಟ್ಟಿಯನ್ನು ಹೆಸರು, ಪುಸ್ತಕದ ಶೀರ್ಷಿಕೆ ಸಮೇತ ನೋಟೀಸ್ ಬೋರ್ಡಿಗೆ ಅಂಟಿಸುವುದು, ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಪುಸ್ತಕ ತರಿಸಿಕೊಳ್ಳಲು ಶೀರ್ಷಿಕೆ ಯಾರಿಗೂ ಕಾಣಬೇಕಿಲ್ಲ. ಅವರಿಗೊಬ್ಬರಿಗೇ ಸಂದೇಶ ಕಳಿಸಿ. ನೋ ಡ್ಯೂ ಸರ್ಟಿಫಿಕೇಟಿನ ಹೊತ್ತಿಗೆ ಪಟ್ಟಿ ಕೊಡಲೇಬೇಕಾದರೆ "ಬಾಕಿ: 2 ಪುಸ್ತಕ" ಎಂದಷ್ಟೇ ಇರಲಿ.

ಎಕ್ಸೆಲ್ ಫೈಲ್ ಕಳಿಸುವುದು ಇನ್ನೊಂದು. ಕಾಲಂ ಅನ್ನು ಹೈಡ್ ಮಾಡಿದರೆ ಅಡಗಿದಂತಲ್ಲ, ಬಲ ಗುಂಡಿ ಒತ್ತಿದರೆ ಮತ್ತೆ ಎದ್ದು ಬರುತ್ತದೆ. ಪಿವಟ್ ಟೇಬಲ್ಲಿನದು ಅದಕ್ಕಿಂತ ಅಪಾಯ. ಮೂಲ ಮಾಹಿತಿಯ ಹಾಳೆಯನ್ನು ಅಳಿಸಿದರೂ ಅದರ ನಕಲು ಫೈಲಿನ ಹೊಟ್ಟೆಯಲ್ಲಿ ಉಳಿದಿರಬಹುದು. ಸ್ವೀಕರಿಸಿದವರು ಒಂದು ಸಂಖ್ಯೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಆ ಸಂಖ್ಯೆಯ ಹಿಂದಿನ ಸಾಲುಗಳೆಲ್ಲ ಹೆಸರು ಸಮೇತ ಹೊಸ ಹಾಳೆಯಲ್ಲಿ ತೆರೆದುಕೊಳ್ಳುತ್ತವೆ. ಕಳಿಸುವ ಮೊದಲು ಸಂಖ್ಯೆಗಳನ್ನಷ್ಟೇ ನಕಲಿಸಿ ಹೊಸ ಫೈಲಿಗೆ ವ್ಯಾಲ್ಯೂಸ್ ಆಗಿ ಅಂಟಿಸಿ, ಅದನ್ನು ಕಳಿಸಿ.

ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆಯುವುದೂ ಇದೇ ಥರ. ಪಟ್ಟಿಯ ಕೆಳಗಿನ ಅಕ್ಷರ ಹಾಗೇ ಇರುತ್ತದೆ, ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಬರುತ್ತದೆ. ರಿಜಿಸ್ಟರ್ ಪುಟ ಪುರಾವೆಯಾಗಿ ಬೇಕಿದ್ದರೆ ಹೆಸರಿನ ಕಾಲಂ ಮೇಲೆ ದಪ್ಪ ಕಾಗದ ಇಟ್ಟು ಸ್ಕ್ಯಾನ್ ಮಾಡಿ. ನೋಡಲು ಅಷ್ಟು ಚೆಂದವಿರುವುದಿಲ್ಲ, ಆದರೆ ಇದಕ್ಕಿಂತ ಗಟ್ಟಿ ಉಪಾಯ ನನಗೆ ಗೊತ್ತಿಲ್ಲ. ಪರಿಶೀಲನೆಗೆ ಬಂದವರು ಮೂಲ ರಿಜಿಸ್ಟರನ್ನು ಕೇಳಿದರೆ ಗ್ರಂಥಾಲಯದಲ್ಲೇ ಕೂರಿಸಿ ತೋರಿಸಿ. ಜಾಲತಾಣಕ್ಕೆ ಏರಿಸುವ ಪ್ರತಿ ಬೇರೆ. ಹಳೆಯ ಪುಟಗಳು ಈಗಾಗಲೇ ಜಾಲತಾಣದಲ್ಲಿದ್ದರೆ ಲಿಂಕ್ ತೆಗೆದರೆ ಸಾಲದು, ಫೈಲನ್ನೇ ಸರ್ವರಿನಿಂದ ಅಳಿಸಬೇಕು. ಆಮೇಲೆ ಹುಡುಕುತಾಣದ ನೆನಪಿನಿಂದಲೂ ತೆಗೆಯುವಂತೆ ಗೂಗಲ್‌ಗೆ ಅರ್ಜಿ ಹಾಕಬಹುದು, ಅದಕ್ಕೆ ಪ್ರತ್ಯೇಕ ಪುಟವಿದೆ.

ಕೌಂಟರಿನ ಕಂಪ್ಯೂಟರಿಗೆ ಒಂದೇ ಪಾಸ್‌ವರ್ಡ್, ಅದು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಹೆಚ್ಚು ಹೇಳಬೇಕಿಲ್ಲ, ಇಂದೇ ಕಿತ್ತುಹಾಕಿ.

ಕೌಂಟರಿಗೆ ಬಂದು ಕೇಳಿದಾಗ

ಇದು ಸಾಫ್ಟ್‌ವೇರ್ ಬಗೆಹರಿಸುವ ವಿಷಯವಲ್ಲ. ಫೋನ್ ಬರುತ್ತದೆ: "ಸರ್, ನಮ್ಮ ಹುಡುಗಿ ಲೈಬ್ರರಿಗೆ ಹೋಗ್ತೇನೆ ಅಂತ ಹೇಳಿ ಬಂದಿದ್ದಾಳೆ. ಅಲ್ಲಿದ್ದಾಳಾ ಸ್ವಲ್ಪ ನೋಡಿ ಹೇಳ್ತೀರಾ?" ತಾಯಿಯ ಆತಂಕ ಸುಳ್ಳಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗ, ಬಸ್ಸು ತಪ್ಪಿದಾಗ ಯಾವ ತಾಯಿಯಾದರೂ ಕೇಳುತ್ತಾಳೆ. ಆದರೆ ರಿಜಿಸ್ಟರ್ ತೆರೆದು ಬಂದ ಹೊತ್ತು, ಹೋದ ಹೊತ್ತು ಓದಿ ಹೇಳುವುದು ಗ್ರಂಥಪಾಲಕರ ಕೆಲಸವಲ್ಲ. ಫೋನಿನಲ್ಲಿರುವವರು ತಾಯಿಯೇ ಎಂದು ತಿಳಿಯುವ ದಾರಿಯೂ ಇಲ್ಲ; ಬೆನ್ನು ಬಿದ್ದವನೊಬ್ಬ ಅಕ್ಕನ ಹೆಸರು ಹೇಳಿ ಯಾರಿಂದಲೋ ಕೇಳಿಸಬಹುದು. "ಅಮ್ಮಾ, ಅವಳು ಇಲ್ಲಿದ್ದರೆ ನಿಮಗೆ ಫೋನ್ ಮಾಡಲು ಹೇಳುತ್ತೇನೆ. ತುರ್ತು ಇದ್ದರೆ ಕಚೇರಿಗೆ ಮಾಡಿ" ಎನ್ನಿ. ಒಳಗೆ ಹೋಗಿ ಅವಳಿಗೆ ತಿಳಿಸಿ. ತಾಯಿಗೂ ಸಮಾಧಾನ, ಮಗಳ ಮರ್ಯಾದೆಯೂ ಉಳಿಯಿತು. 18 ತುಂಬದ ವಿದ್ಯಾರ್ಥಿಗಳ ವಿಷಯದಲ್ಲಿ ಪಾಲಕರಿಗೆ ಹೆಚ್ಚಿನ ಹಕ್ಕಿದೆ. ಅದಕ್ಕೂ ದಾರಿ ಪ್ರಾಂಶುಪಾಲರ ಮೂಲಕ, ಗುರುತು ಖಚಿತಪಡಿಸಿಕೊಂಡ ಮೇಲೆ.

ಪೊಲೀಸರು ಕೇಳಿದರೆ ಗಾಬರಿ ಬೇಡ, ಅಡ್ಡಿಯೂ ಬೇಡ. ತನಿಖೆಗೆ ದಾಖಲೆ ಕೇಳುವ ಅಧಿಕಾರ ಅವರಿಗೆ ಕಾನೂನಿನಲ್ಲಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅದಕ್ಕೇ ಇರುವುದು. ಆದರೆ ಕೋರಿಕೆ ಬರಹದಲ್ಲಿರಬೇಕು, ಪ್ರಾಂಶುಪಾಲರ ಹೆಸರಿಗಿರಬೇಕು, ಯಾವ ದಾಖಲೆ ಎಂದು ಸ್ಪಷ್ಟವಾಗಿರಬೇಕು. ಕೇಳಿದ್ದಷ್ಟನ್ನೇ ಕೊಡಿ, ಕೊಟ್ಟದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬಾಯಿಮಾತಿನಲ್ಲಿ, ಫೋನಿನಲ್ಲಿ, ಪರಿಚಯದ ಮೇಲೆ ಯಾವುದೂ ಬೇಡ. ಕೌಂಟರಿನಲ್ಲಿರುವ ಅಟೆಂಡರಿಗೂ, ಬೇಸಿಗೆ ರಜೆಯಲ್ಲಿ ಬರುವ ತಾತ್ಕಾಲಿಕ ಸಿಬ್ಬಂದಿಗೂ ಇದನ್ನು ಹೇಳಿಕೊಟ್ಟಿರಿ. ಇಂಥ ಪ್ರಶ್ನೆ ಬರುವುದು ಹೆಚ್ಚಾಗಿ ಗ್ರಂಥಪಾಲಕರು ಊಟಕ್ಕೆ ಹೋದಾಗ.

ಬಾಗಿಲ ಬಳಿ ಒಂದು ಫಲಕ

ಮಾಹಿತಿ ಪಡೆಯುವ ಮುನ್ನ ಜನರಿಗೆ ತಿಳಿಸಬೇಕು, ಆ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಓದುವ ಆಯ್ಕೆ ಅವರಿಗಿರಬೇಕು ಎನ್ನುತ್ತದೆ ಕಾಯ್ದೆ. ಕನ್ನಡ, ಕೊಂಕಣಿ, ಉರ್ದು ಮೂರೂ ಆ ಪಟ್ಟಿಯಲ್ಲಿವೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಿಗೆ ಈ ಮೂರೂ ಬೇಕು. ಫಲಕ ಉದ್ದವಾಗಿರಬೇಕಿಲ್ಲ. ಹೀಗೆ ಬರೆಯಬಹುದು:

"ಈ ಗ್ರಂಥಾಲಯ ನೀವು ಒಯ್ದ ಪುಸ್ತಕದ ವಿವರವನ್ನು ಅದು ಮರಳಿ ಬರುವವರೆಗೆ, ಮತ್ತು ಕಾನೂನು ಹೇಳುವ ಅವಧಿಯವರೆಗೆ ಮಾತ್ರ ನಿಮ್ಮ ಹೆಸರಿನಲ್ಲಿ ಇಡುತ್ತದೆ. ಬಾಗಿಲಲ್ಲಿ ನಾವು ಎಣಿಸುವುದು ಎಷ್ಟು ಜನ ಬಂದರೆಂದು. ನೀವು ಏನು ಓದಿದಿರಿ ಎಂದು ಸಹಪಾಠಿಗಳಿಗಾಗಲಿ ಉಪನ್ಯಾಸಕರಿಗಾಗಲಿ ಹೇಳುವುದಿಲ್ಲ. ನಿಮ್ಮ ಬಗ್ಗೆ ನಮ್ಮಲ್ಲಿ ಯಾವ ಮಾಹಿತಿ ಇದೆಯೆಂದು ನೀವು ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು. ಸಂಪರ್ಕ: ಗ್ರಂಥಪಾಲಕರು."

ಮಾಡುವುದಕ್ಕಿಂತ ಹೆಚ್ಚನ್ನು ಫಲಕದಲ್ಲಿ ಬರೆಯಬೇಡಿ. ಹೆಸರು ಅಳಿಸುವ ಕೆಲಸ ಇನ್ನೂ ಶುರುವಾಗದಿದ್ದರೆ ಮೊದಲು ಅದನ್ನು ಮಾಡಿ, ಆಮೇಲೆ ಫಲಕ ಹಾಕಿ.

ವಿದ್ಯಾರ್ಥಿಗಳೇ, ಫಲಕದ ಕೊನೆಯಲ್ಲಿ ಹೇಳಿದ ಮಾಹಿತಿ ಕೇಳುವ ಹಕ್ಕನ್ನು ನೀವೂ ಬಳಸಿ. ಒಂದು ದಿನ ಹೋಗಿ "ನನ್ನ ಬಗ್ಗೆ ಲೈಬ್ರರಿಯಲ್ಲಿ ಏನೇನು ದಾಖಲಾಗಿದೆ, ನೋಡಬಹುದೇ?" ಎಂದು ವಿನಯದಿಂದ ಕೇಳಿ. ಗ್ರಂಥಪಾಲಕರೇ, ಯಾರೂ ಕೇಳುವ ಮೊದಲು ನಿಮ್ಮದೇ ಸದಸ್ಯತ್ವ ಸಂಖ್ಯೆ ಹಾಕಿ ಆ ದಾಖಲೆಯನ್ನೊಮ್ಮೆ ಮುದ್ರಿಸಿ ನೋಡಿ. ಎಷ್ಟು ವರ್ಷಗಳ ಹಿಂದಿನ ಪುಸ್ತಕಗಳು ಅದರಲ್ಲಿವೆ ಎಂಬುದರಿಂದಲೇ ಮೂರನೆಯ ಕ್ರಮವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತದೆ.